ಅಪ್ಪನ ಕಣ್ಣು ಕೆಟ್ಟಿರಲಿಲ್ಲ

ನಮ್ಮಪ್ಪನ ಕಣ್ಣು ಕೆಟ್ಟಿರಲಿಲ್ಲ. ಕೆಟ್ಟಿವೆ ಎಂದು ಅವನನ್ನು ನಂಬಿಸಿದವಳು ನಾನು. ಒಂದು ಸಂಜೆ ಆಡಿದ ಒಂದೇ ಮಾತಿನಿಂದ ನಂಬಿಸಿದೆ. ಆಮೇಲೆ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಆ ಸುಳ್ಳನ್ನು ಸಾಕಿದೆ.

ಇದನ್ನು ಮೊದಲಿಗೇ ಹೇಳಿಬಿಟ್ಟಿದ್ದೇನೆ. ಕೊನೆಗೆ ಹೇಳೋಣ ಎಂದುಕೊಂಡರೆ ನಡುವೆ ನನ್ನ ಪರವಾಗಿ ನಾನೇ ವಕಾಲತ್ತು ಹಿಡಿದುಬಿಡುತ್ತೇನೆ — ಓದಿದವರಿಗೆ ಆ ಚಟ ಬೇಗ ಹತ್ತುತ್ತದೆ.

ನಮ್ಮೂರು ವಳಸಂಗದ ಆಚೆ, ಅಕ್ಕಲಕೋಟ ರಸ್ತೆ ಬಿಟ್ಟು ಒಳಗೆ. ನಮ್ಮದು ಕುರಿ ಸಾಕುವ ಮನೆ, ಬೀರೋಬ ದೇವರ ಒಕ್ಕಲು. ನಮ್ಮ ಓಣಿಯಲ್ಲಿ ಬಿ.ಎ. ಮುಗಿಸಿದ ಮೊದಲನೆಯವಳು ನಾನು, ಗಂಡಸರನ್ನೂ ಹಿಡಿದು. ಊರ ಕನ್ನಡ ಸಾಲೆ, ಆಮೇಲೆ ವಳಸಂಗಕ್ಕೆ ನಡಿಗೆ, ಆಮೇಲೆ ಬಸ್ಸಿನಲ್ಲಿ ಸೋಲಾಪುರ. ಕಾಲೇಜಿನಲ್ಲಿ ಮರಾಠಿಯಲ್ಲಿ ಕೇಳಿದ ಪಾಠವನ್ನು ಬರುವ ಬಸ್ಸಿನಲ್ಲಿ ನಿಂತುಕೊಂಡೇ ತಲೆಯೊಳಗೆ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಿದ್ದೆ. ಹೆಮ್ಮೆ ಆಗಲೂ ಇತ್ತು, ಈಗಲೂ ಇದೆ. ಆ ಹೆಮ್ಮೆಯೇ ಈ ಕತೆಯ ಬೇರು.

ನಮ್ಮ ಮನೆಗೆ ಒತ್ತಿಕೊಂಡೇ ನೀಲಮ್ಮ ಕಾಕುವಿನ ವಾಡೆ. ಊರಿನ ದೊಡ್ಡ ಹೊಲದ ಮನೆತನ. ಕಲ್ಲಿನ ಗೋಡೆ, ಆನೆ ಹೋಗುವಂಥ ಬಾಗಿಲು, ಮಾಳಿಗೆಯ ಅಂಚಿಗೆ ಸುಣ್ಣ ಬಳಿದ ಗಿಡ್ಡ ಗೋಡೆ, ಕುಂಬಿ. ನಮ್ಮ ಕುರಿದೊಡ್ಡಿಗೆ ಒಂದು ಮಗ್ಗಲು ಅವರ ಗೋಡೆಯೇ. ಕರೆಂಟು ಹೋದಾಗಲೆಲ್ಲ ನಾನು ಓದಿದ್ದು ಅವರ ಪಡಸಾಲೆಯಲ್ಲಿ, ಅವರ ಇನ್ವರ್ಟರಿನ ದೀಪದಲ್ಲಿ. ಕಾಕು ಏಳನೆಯ ಇಯತ್ತೆಗೆ ಸಾಲೆ ಬಿಟ್ಟು ಮದುವೆಯಾಗಿ ಬಂದವರು. ನನ್ನ ಪುಸ್ತಕ ಎಳೆದುಕೊಂಡು ಜೋರಾಗಿ ಓದುತ್ತಿದ್ದರು, ನಾಟಕದ ರಾಣಿಯ ದನಿಯಲ್ಲಿ. ಭೂಗೋಳವನ್ನೂ ಹಾಗೆಯೇ ಓದುತ್ತಿದ್ದರು. "ಮುಂಗಾರು ಮಾರುತಗಳು!" ಎಂದು ಕೈ ಎತ್ತಿದರೆ ಅಡುಗೆಮನೆಯಿಂದ ಅವರ ಅತ್ತೆ, "ಯಾರ ಬಂದಾರಬೇ?" ಎಂದು ಕೇಳುತ್ತಿದ್ದರು.

ನನಗೆ ಡಿಗ್ರಿ ಬಂದ ದಿನ ಬಸ್ಸಿಳಿದು ಓಣಿಗೆ ಬಂದರೆ ಕಾಕು ವಾಡೆಯ ದೊಡ್ಡ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದರು. ನಮ್ಮವರು ಆ ಮನೆಗೆ ಹಿತ್ತಲ ಬಾಗಿಲಿಂದ ಹೋಗುವುದೇ ರೂಢಿ. ಅವತ್ತು ನನ್ನನ್ನು ದೊಡ್ಡ ಬಾಗಿಲಲ್ಲಿ ನಿಲ್ಲಿಸಿ, ರೊಟ್ಟಿಯ ತುಣುಕು, ನೀರು ನಿವಾಳಿಸಿ ಒಗೆದು, ಆರತಿ ಬೆಳಗಿ, "ಅಕ್ಷರ ತಂದ್ಯವ್ವಾ ಓಣಿಗೆ. ಬಾ, ಒಳಗ ಬಾ" ಎಂದರು. ಅಪ್ಪ ಹಿಂದೆ ನಿಂತಿದ್ದ. ತಲೆಗೆ ಸುತ್ತಿದ ಪಟಗದ ತುದಿಯಿಂದ ಮುಖ ಒರೆಸಿಕೊಂಡ. ಬಿಸಿಲು ಬಹಳ ಇತ್ತು ಎಂದು ಇವತ್ತಿಗೂ ಹೇಳುತ್ತಾನೆ.

ಆ ಆರತಿ ನನ್ನದು. ಹಾಗೆ ತಿಳಿದುಕೊಂಡಿದ್ದೆ — ಹೊಲ ಇಲ್ಲದವರು ಒಂದು ತುಂಡು ಹೊಲಕ್ಕೆ ಕಲ್ಲು ನೆಟ್ಟುಕೊಳ್ಳುವ ಹಾಗೆ.

ಮರುವರ್ಷ ಪುಣೆಯ ಕಡೆಯಿಂದ ಮರಾಠಿ ಪಿಚ್ಚರಿನ ಜನ ವಾಡೆ ನೋಡಿಕೊಂಡು ಹೋದರು. ಸುಗ್ಗಿ ಮುಗಿಯುತ್ತಿದ್ದಂತೆ ಲಾರಿ, ವ್ಯಾನು, ಜನರೇಟರ್ ಎಲ್ಲ ಬಂದವು. ನಮ್ಮ ಓಣಿ ಎರಡು ಎತ್ತಿನ ಗಾಡಿ ಎದುರಾಬದುರು ಬಂದರೆ ಒಂದು ಹಿಂದೆ ಸರಿಯಬೇಕಾದಷ್ಟು ಅಗಲ. ಜನರೇಟರಿನ ಗಾಡಿ ನಮ್ಮ ಬಾಗಿಲಿಗೇ ಬೆನ್ನು ಕೊಟ್ಟು ನಿಂತಿತು. ಹೆಬ್ಬಾವಿನಂಥ ವಾಯರುಗಳು ನಮ್ಮ ಅಂಗಳದ ಮೇಲೆಯೇ ಹಾದುಹೋದವು. ದೊಡ್ಡಿಯ ಮೇಲಿನ ನೀಲಿ ತಾಡಪತ್ರಿ ಕ್ಯಾಮೆರಾದಲ್ಲಿ ಬೀಳುತ್ತದೆಂದು ಅದರ ಮೇಲೆ ಗೋಣಿತಟ್ಟು ಹೊದಿಸಿದರು. ಇದೆಲ್ಲ ಆಗಬಹುದಿತ್ತು. ಸಪ್ಪಳದ್ದೇ ಪೀಕಲಾಟ.

ಶಾಟ್ ಶುರುವಾದರೆ ಓಣಿ ಉಸಿರು ಬಿಡಬಾರದು. ಸಾಯಲಿ ಎಂಬ ಅಸಿಸ್ಟೆಂಟ್ ಹುಡುಗಿ, ನನ್ನದೇ ವಯಸ್ಸು, ಕೈಯಲ್ಲಿ ವಾಕಿಟಾಕಿ ಹಿಡಿದು ಮನೆಮನೆಗೆ ಓಡುತ್ತಿದ್ದಳು: "ಕಾಕೂ, ಪ್ಲೀಜ್, ದೋನ್ ಮಿನಿಟ್!" ಅವಳ ಆ ಎರಡು ನಿಮಿಷಕ್ಕೆ ಹಿಟ್ಟಿನ ಗಿರಣಿ ನಿಲ್ಲಬೇಕು, ಮೋಟಾರಸೈಕಲ್ ನಿಲ್ಲಬೇಕು, ಕೆಮ್ಮು ನಿಲ್ಲಬೇಕು. ಅವ್ವ ಕುಕ್ಕರಿನ ಸೀಟಿಯನ್ನು ಇಕ್ಕಳದಿಂದ ಎತ್ತಿ ಹಿಡಿದು ನಿಂತಿರುತ್ತಿದ್ದಳು, ಹಾವು ಹಿಡಿದವಳ ಹಾಗೆ. ಒಂದು ದಿನ ಸಾಯಲಿ ಬಂದು ರೊಟ್ಟಿ ಬಡಿಯುವುದನ್ನೂ ನಿಲ್ಲಿಸಿ ಎಂದಳು. ಸೌಂಡಿನವನ ಕಿವಿಗೆ 'ಪಟ ಪಟ' ಬೀಳುತ್ತಿದೆಯಂತೆ.

"ರೊಟ್ಟಿ ಬಡೀದಂಗ ಹೆಂಗಬೇ ಮಾಡೂದು?" ಅವ್ವ ನನ್ನ ಕಡೆ ತಿರುಗಿದಳು. "ಅದಕ್ಕೇನ ಜೋಗುಳಾ ಹಾಡ್ಲ್ಯಾ? ಕೇಳ ಆಕಿನ್ನ, ಪುಣ್ಯಾದಾಗ ರೊಟ್ಟಿ ತಾವ ಅಗಲಾಗತಾವೇನ ಅಂತ."

ನಾನು ಮರಾಠಿಗೆ ತಿರುಗಿಸಲಿಲ್ಲ. ಅವ್ವನ ಮುಖ ನೋಡಿಯೇ ಸಾಯಲಿಗೆ ಅರ್ಥವಾಗಿತ್ತು, ನಕ್ಕುಬಿಟ್ಟಳು. ಅವ್ವ ಅವಳಿಗೆ ಹಿಂದಿನ ದಿನದ ಕಟಿರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಆಮೇಲೆ ಅವಳು ದಿನಾ ಬರತೊಡಗಿದಳು.

ಅಪ್ಪ ಮಾತ್ರ ಎಲ್ಲವನ್ನೂ ಚಂದವಾಗಿ ತೆಗೆದುಕೊಂಡ. "ಇವರ ದೋನ್ ಮಿನಿಟನ್ಯಾಗ ಒಂದ ಕುರಿ ಈದು, ಮರಿ ಎದ್ದ ನಿಂತು, ಮೊಲಿ ಕುಡೀತೈತಿ" ಎನ್ನುತ್ತಿದ್ದ. ಊರಿನ ಬಾಯಲ್ಲಿ 'ಕಟ್' ಎಂಬ ಮಾತು ಬಂದು ಸೇರಿತು. ಗಂಡ ಹೆಂಡತಿ ಜಗಳಾಡಿದರೆ ಮೂರನೆಯವರು ಹೋಗಿ "ಕಟ್ ಕಟ್" ಅನ್ನುವುದು.

ಕುರಿಗಳಿಗೆ ಕಟ್ ತಿಳಿಯುವುದಿಲ್ಲವಲ್ಲ! ಹಗಲು ತಾಯಿಕುರಿಗಳು ಮೇಯಲು ಹೋಗುತ್ತವೆ, ಎಳೆಮರಿಗಳು ದೊಡ್ಡಿಯಲ್ಲಿ ಉಳಿಯುತ್ತವೆ. ಸಂಜೆ ಹಿಂಡು ತಿರುಗಿ ಬಂದಾಗ ಪ್ರತಿ ಮರಿಯೂ ತನ್ನ ತಾಯಿಯನ್ನು ಕೂಗುತ್ತದೆ, ಪ್ರತಿ ತಾಯಿಯೂ ತನ್ನ ಮರಿಯನ್ನು. ಎಲ್ಲವೂ ಕೂಡಿಕೊಳ್ಳುವವರೆಗೆ ಆ ಒದರಾಟ ನಿಲ್ಲುವುದಿಲ್ಲ. ಆಮೇಲೆ ಒಮ್ಮೆಲೇ ಗಪ್ಪಾಗುತ್ತದೆ. ನಮಗೆ ಅದು ಸಂಜೆಯಾಯಿತೆಂಬ ಸಪ್ಪಳ. ಆ ಸೌಂಡಿನವನಿಗೆ ಮಾತ್ರ ಕಿವಿಗೆ ಕಾದ ಸೀಸ ಹೊಯ್ದ ಹಾಗೆ. ಸಂಜೆಯ ಬೆಳಕಿನ ಶಾಟುಗಳೆಲ್ಲ ಹಾಳಾಗತೊಡಗಿದವು.

ಕಾಕು ಅಪ್ಪನನ್ನು ಕರೆದರು. "ಬೀರಪ್ಪಾ, ಇವರ ಕೆಲಸ ಮುಗಿಯೂತನಕ ಹಿಂಡ ಸ್ವಲ್ಪ ತಡಾ ಮಾಡಿ ತರಾಕಾಗ್ತೈತೇನ ನೋಡೋ."

"ಅದಕ್ಕೇನ್ರಿ ವೈನಿ, ದಿನ್ನಿ ಮ್ಯಾಲ ನಿಂದ್ರಸ್ತೀನಿ. ಆದ್ರ ಮುಗೀತಂತ ನನಗ ಹೆಂಗ ತಿಳೀಬೇಕ್ರಿ?"

ಯಾರೋ ಫೋನ್ ಎಂದರು. ದಿನ್ನೆಯ ಮೇಲೆ ರೇಂಜ್ ಸಿಗುವುದಿಲ್ಲ, ಸಿಕ್ಕರೂ ಅಪ್ಪನ ಫೋನು ಬುತ್ತಿಗಂಟಿನಲ್ಲಿ ರೊಟ್ಟಿಯ ಕೆಳಗೆ ಇರುತ್ತದೆ. ಉಪಾಯ ಹೇಳಿದವನು ಅಪ್ಪನೇ: "ಮಾಳಿಗಿ ಕುಂಬಿ ಮ್ಯಾಲ ನನ್ನ ಕರಿ ಕಂಬಳಿ ಇಳಿಬಿಡ್ರಿ. ಕಂಬಳಿ ಇರೂತನಕ ನಾ ಬರೂದಿಲ್ಲ. ತಗದ್ರಂದ್ರ ಹೊಡಕೊಂಡ ಬರ್ತೀನಿ. ನನಗ ದಿನ್ನಿ ಮ್ಯಾಲಿಂದ ಕಾಗಿ ಕುಂತ್ರೂ ಕಾಣತೈತಿ."

ಇದು ಬಡಾಯಿಯಲ್ಲ. ಕೆರೆಗೆ ನೀರು ಕುಡಿಸಲು ಬಂದ ಎರಡು ಹಿಂಡು ಬೆರೆತುಹೋದರೆ ಸುತ್ತಿನ ಊರವರು ಅಪ್ಪನನ್ನು ಕರೆಸುತ್ತಿದ್ದರು. ಅವನು ದಂಡೆಯ ಮೇಲೆ ನಿಂತು, ಬಣ್ಣದ ಗುರುತನ್ನೂ ನೋಡದೆ, ಬರೀ ಮುಖ ನೋಡಿ, ಇದು ಇವನದು ಅದು ಅವನದು ಎಂದು ಬಡಿಗೆಯಿಂದ ಬೇರೆ ಮಾಡುತ್ತಿದ್ದ. ಅವನು ಹೇಳಿದ ಮೇಲೆ ಮಾತು ಮುಗಿಯಿತು. ಹೊಲವಿಲ್ಲದ, ಅಕ್ಷರವಿಲ್ಲದ ಮನುಷ್ಯನಿಗೆ ಆ ಭಾಗದಲ್ಲಿ ಇದ್ದ ಮಾನವೆಲ್ಲ ಆ ಎರಡು ಕಣ್ಣಿನದು.

ಕಂಬಳಿ ಹಾಕುವ, ತೆಗೆಯುವ ಕೆಲಸ ನನಗೆ ಕೊಟ್ಟರು. ಪಿಚ್ಚರಿನವರ ಮರಾಠಿಯೂ ತಿಳಿಯುತ್ತದೆ, ಅಪ್ಪನ ಮಗಳೂ ಹೌದು, ಮೇಲಾಗಿ ಓದಿದವಳು — ತಪ್ಪು ಮಾಡುವುದಿಲ್ಲ.

ಹಲವು ದಿನ ಅಚ್ಚುಕಟ್ಟಾಗಿಯೇ ನಡೆಯಿತು. ನಾನು ಬಿ.ಎಡ್. ಪ್ರವೇಶಪರೀಕ್ಷೆಗೆ ಓದುತ್ತಿದ್ದೆ, ಜನರೇಟರಿನ ಗದ್ದಲಕ್ಕೆ ಕಿವಿಗೆ ಹತ್ತಿ ತುರುಕಿಕೊಂಡು ಮಾಳಿಗೆಯ ಮೇಲೆಯೇ ಕೂರುತ್ತಿದ್ದೆ. ಗದ್ದಲದಿಂದ ತಲೆ ಕೆಟ್ಟಿತ್ತು, ಅದಕ್ಕೇ ಹಾಗೆ ಮಾಡಿದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಗದ್ದಲಕ್ಕೆ ನಾನು ಹೊಂದಿಕೊಂಡಿದ್ದೆ.

ಒಂದು ಮಧ್ಯಾಹ್ನ ಕಾಕು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಮುಖ ಅರಳಿತ್ತು. "ರೇಣೀ! ನಿನ್ನ ಆರತಿ ಪಿಚ್ಚರನ್ಯಾಗ ತಗೋಳಾಕತ್ತಾರಬೇ!"

ಡೈರೆಕ್ಟರ್ ಸಾಹೇಬರು ಊಟಕ್ಕೆ ಕುಳಿತಾಗ ಕಾಕು ನನ್ನ ಡಿಗ್ರಿಯ ದಿನದ ಸುದ್ದಿ ಹೇಳಿದ್ದರಂತೆ. ಅವರು ಕೈ ತೊಳೆಯುವುದನ್ನೂ ಮರೆತು ಕೇಳಿದರಂತೆ. ಪಿಚ್ಚರಿನಲ್ಲಿಯೂ ಮನೆಯ ಮಗಳು ಕಲಿತು ಊರಿಗೆ ಬರುತ್ತಾಳೆ. ಅದೇ ಬಾಗಿಲು, ಅದೇ ತಟ್ಟೆ, ಅದೇ ಮಾತು ಮರಾಠಿಯಲ್ಲಿ. ಹೀರೋಯಿನ್‌ಗೆ ಆರತಿ ಬೆಳಗುವ ಅಜ್ಜಿಯ ಪಾತ್ರ ಬೇರೆ ಯಾರಿಗೂ ಅಲ್ಲ — ಕಾಕುವಿಗೇ.

"ಚಲೋ ಆತಲ್ರಿ ಕಾಕು" ಎಂದೆ.

"ಅಜ್ಜಿ ಮಾಡ್ಯಾರ ನೋಡ ನನ್ನ, ಬಿಳಿ ಕೂದಲದ ಟೋಪನ ಹಾಕ್ತಾರಂತ! ಹಾಕವಲ್ರ್ಯಾಕ. ಏಳನೆತ್ತಾದಾಗ ನಾಟಕದಾಗ ರಾಣಿ ಪಾರ್ಟ ಕೊಟ್ಟಿದ್ರು ನನಗ. ನಾಟಕ ಆಗೂಕಿಂತಾ ಮದಲ ಲಗ್ನಾ ಮಾಡಿ ಕಳಿಸಿದ್ರು." ನಗುತ್ತಲೇ ಹೇಳಿದರು. ನಾನೂ ನಕ್ಕೆ.

ನಕ್ಕೆ — ಒಳಗೆ ಏನೋ ಸೆಟೆದು ನಿಂತಿತು. ನನ್ನ ದಿನವನ್ನು ಊಟದ ತಾಟಿನ ಮುಂದೆ ಕೊಟ್ಟುಬಿಟ್ಟರಲ್ಲ. ಒಂದು ದಿನವೂ ಬಸ್ಸಿನಲ್ಲಿ ನಿಂತು ಓದದ ಯಾರಿಗೋ. ಆಮೇಲೆ ಸಾಯಲಿ ಬಂದು ಗೌನಿನ ಬಣ್ಣ ನೋಡಲು ನನ್ನ ಪದವಿಯ ಫೋಟೋ ಕೇಳಿದಳು. ಕೈಯಲ್ಲಿ ಹಿಡಿದು, ನನ್ನನ್ನು, ಹಿಂದಿನ ಕುರಿದೊಡ್ಡಿಯನ್ನು ಒಮ್ಮೆ ನೋಡಿ, "ಇದು ನೀನಾ?" ಎಂದು ಮರಾಠಿಯಲ್ಲಿ ಕೇಳಿದಳು. ಫೋಟೋದಲ್ಲಿ ನಾನು ಬಹಳ ಗಂಭೀರವಾಗಿದ್ದೆ, ಅದಕ್ಕೆ ಕೇಳಿರಬಹುದು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಇವತ್ತು ಗೊತ್ತು. ಅವತ್ತು ನನಗೆ ಬೇಕಾಗಿದ್ದು ಒಂದು ನೆಪ.

ಆರತಿಯ ಶಾಟ್ ಹೊತ್ತು ಮುಳುಗುವ ಬೆಳಕಿನಲ್ಲಿ. ಬಾಗಿಲಿಗೆ ಆ ಬಂಗಾರದ ಬಿಸಿಲು ಬೀಳುವುದು ಸ್ವಲ್ಪೇ ಹೊತ್ತು. ಹೀರೋಯಿನ್‌ಗೆ ಊರಲ್ಲಿ ಅದೇ ಕೊನೆಯ ದಿನ, ಶಾಟ್ ಮುಗಿಸಿ ಅವಳು ಹೊರಡುವವಳು. ಅಕ್ಕಲಕೋಟದಿಂದ ಕಾಕುವಿನ ತವರಿನವರೆಲ್ಲ ಬಂದು ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದರು. ಕಾಕು ಇಳಕಲ್ ಸೀರೆ ಉಟ್ಟು, ಬಿಳಿಯ ಕೂದಲು ಹಾಕಿಸಿಕೊಂಡು, ಬಾಗಿಲಲ್ಲಿ ನಿಂತು ತುಟಿ ಅಲುಗಿಸುತ್ತ ಮಾತು ಬಾಯಿಪಾಠ ಮಾಡುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿ, ಹೆಂಗ ಕಾಣಾಕತ್ತೀನಿ ಎಂದು ಕೈಯಿಂದ ಕೇಳಿದರು. ಚಲೋ ಎಂದು ಕೈಯಿಂದಲೇ ಹೇಳಿದೆ.

ಆಮೇಲೆ ಕಂಬಳಿ ತೆಗೆದೆ.

ಕೈ ತಪ್ಪಿ ಬೀಳಲಿಲ್ಲ. ಗಾಳಿಗೆ ಹಾರಲಿಲ್ಲ. ಮೇಲೆ ಇಟ್ಟಿದ್ದ ಕಲ್ಲುಗಳನ್ನು ಒಂದೊಂದಾಗಿ ಸರಿಸಿ, ಎಳೆದು, ಮಡಚಿ ಕಾಲ ಬಳಿ ಇಟ್ಟುಕೊಂಡೆ. ದಿನ್ನೆಯ ಮೇಲೆ ಕರಿಬಿಳಿ ಚುಕ್ಕೆಗಳು ಸ್ವಲ್ಪ ಹೊತ್ತು ನಿಂತೇ ಇದ್ದವು. ಆಮೇಲೆ ಅಲುಗಿದವು. ಕಂಡಿತು ಅಪ್ಪನಿಗೆ — ಅಷ್ಟು ದೂರದಿಂದ, ಕಣ್ಣಿಗೆ ಬಿಸಿಲು ಹೊಡೆಯುತ್ತಿದ್ದರೂ ಕಂಡಿತು. ಹಿಂಡು ಇಳಿಯತೊಡಗಿತು.

ಆಗಲೂ ಸಮಯವಿತ್ತು. ಮೆಟ್ಟಿಲಿಳಿದು, ಹಿತ್ತಲಿನಿಂದ ಓಡಿ, ತಡೆಯಬಹುದಿತ್ತು. ನಾನು ಮಾಡಿದ್ದು ಬೇರೆ. ಧೂಳು ಹಳ್ಳ ದಾಟಿದ್ದು ನೋಡಿ, ಕಂಬಳಿಯನ್ನು ಮತ್ತೆ ಕುಂಬಿಯ ಮೇಲೆ ಇಳಿಬಿಟ್ಟೆ. ಕಲ್ಲುಗಳನ್ನೂ ಮೊದಲಿನ ಜಾಗದಲ್ಲೇ ಇಟ್ಟೆ. ತೆಗೆದದ್ದು ಹೊಟ್ಟೆಕಿಚ್ಚು. ತಿರುಗಿ ಹಾಕಿದ್ದು... ಅದಕ್ಕೆ ಯಾವ ಹೆಸರು ಕೊಡಲಿ? ಅದನ್ನು ನಾನು ತಣ್ಣಗೆ ಯೋಚನೆ ಮಾಡಿ ಮಾಡಿದೆ.

ತಾಯಿಕುರಿಗಳ ದನಿ ಮೊದಲು ಕೇಳಿಸಿದ್ದು ಮರಿಗಳಿಗೆ. ದೊಡ್ಡಿಯೊಳಗೆ ಒಂದು ಒದರಿತು, ಆಮೇಲೆ ಎಲ್ಲವೂ. ಕೆಳಗೆ ಆಗಷ್ಟೇ ಕ್ಯಾಮೆರಾ ಶುರುವಾಗಿತ್ತು. ಕಾಕು ತಟ್ಟೆ ಎತ್ತಿದ್ದರು. ಅಷ್ಟರಲ್ಲಿ ಹಿಂಡು ಓಣಿಗೆ ನುಗ್ಗಿತು. "ಕಟ್! ಕಟ್!" ಡೈರೆಕ್ಟರ್ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಕುರಿಗಳು ವಾಯರು ದಾಟಿ, ಲೈಟಿನ ಕಂಬಗಳ ನಡುವೆ, ಹೀರೋಯಿನ್‌ಳ ಗೌನಿನ ಕೆಳಗೆ — ಅವಳು ಪಾಪ ಕುರ್ಚಿಯ ಮೇಲೆ ಹತ್ತಿ ನಿಂತಳು. ಸಾಯಲಿ ಎರಡೂ ಕೈ ಚಾಚಿ ಕುರಿಗಳಿಗೆ "ಪ್ಲೀಜ್, ಪ್ಲೀಜ್" ಅನ್ನುತ್ತಿದ್ದಳು. ಕಟ್ಟೆಯ ಮೇಲಿನ ಬೀಗರು ಹೊಟ್ಟೆ ಹಿಡಿದು ನಕ್ಕರು. ಎಲ್ಲ ಮರಿಗಳೂ ತಾಯಿಯನ್ನು ಕೂಡಿ ಗಪ್ಪಾಗುವಷ್ಟರಲ್ಲಿ ಬಾಗಿಲ ಮೇಲಿನ ಬಿಸಿಲು ಹೋಗಿತ್ತು.

ಕಾಕು ತಟ್ಟೆ ಕೆಳಗಿಟ್ಟಿರಲಿಲ್ಲ. ಎಣ್ಣೆ ತೀರಿ ದೀಪ ಚಿಟಿಚಿಟಿ ಅನ್ನುತ್ತಿತ್ತು. ಹಾಗೆಯೇ ನಿಂತು ಅಂದರು: "ಬೀರಪ್ಪಾ, ಒಂದ ಮಾತ ಕೇಳಿದ್ನಲ್ಲೋ ನಿನಗ. ಒಂದs. ಕಂಬಳಿ ಕಾಣಲಿಲ್ಲೇನ?"

"ಕಂಬಳಿ ತಗದಿದ್ರಲ್ರಿ ವೈನಿ..." ಅಪ್ಪ ಮಾಳಿಗೆಯ ಕಡೆ ಕೈ ಮಾಡಿದ. ಕೈ ಅಲ್ಲೇ ನಿಂತಿತು. ಕಂಬಳಿ ಇತ್ತು.

ಬಹಳ ಹೊತ್ತು ನೋಡಿದ. ಕಣ್ಣು ಉಜ್ಜಿಕೊಂಡು ನೋಡಿದ. ಆಮೇಲೆ ನನ್ನನ್ನು ನೋಡಿದ. ಅವನ ಮುಖದಲ್ಲಿ ಸಂಶಯವಿರಲಿಲ್ಲ — ಅದನ್ನು ನೆನೆದರೆ ಈಗಲೂ... "ರೇಣವ್ವಾ, ನೀ ಏನರೆ ಸ್ವಲ್ಪ ತಗದಿದ್ದ್ಯೇನ?"

"ಇಲ್ಲಪ್ಪಾ. ಅಲ್ಲೇ ಐತಲ್ಲ" ಎಂದೆ.

ಇಷ್ಟೇ ನನ್ನ ಮಾತು. ಬಿ.ಎ. ಓದಿದ ಬಾಯಿಯಿಂದ ಬಂದದ್ದು.

"ಹಂಗಾರ ನನಗs ಕಾಣಲಿಲ್ರಿ ವೈನಿ. ತಪ್ಪ ಆತ್ರಿ" ಎಂದು ಅಪ್ಪ ಪಟಗ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಹೀರೋಯಿನ್ ಹೊರಟುಹೋದಳು. ಉಳಿದವರೂ ಗಂಟುಮೂಟೆ ಕಟ್ಟಿದರು. ಪಿಚ್ಚರ್ ಬಂದಾಗ ವಾಡೆಯ ಬಾಗಿಲು ಕಂಡಿತು, ಆರತಿ ಇರಲಿಲ್ಲ. ಕಾಕುವಿನ ಸಿಟ್ಟು ಆ ವಾರದಲ್ಲೇ ಇಳಿದಿತ್ತು. "ನನ್ನ ನಶೀಬದಾಗ ಕುರೀದ ಪಿಚ್ಚರ್ ಬರದಿತ್ತ ನೋಡ" ಎಂದು ತಾವೇ ಕತೆ ಮಾಡಿ, ಹೀರೋಯಿನ್ ಕುರ್ಚಿ ಹತ್ತಿದ್ದನ್ನು ನಟಿಸಿ ತೋರಿಸುತ್ತಿದ್ದರು. ಅಪ್ಪನಿಗೆ ಮಜ್ಜಿಗೆ ಕಳಿಸುವುದು ಒಂದು ದಿನವೂ ತಪ್ಪಲಿಲ್ಲ.

ಅಪ್ಪ ಮಾತ್ರ ಅಲ್ಲೇ ನಿಂತುಬಿಟ್ಟ. ಮೊದಮೊದಲು ನನ್ನನ್ನು ಕೇಳುತ್ತಿದ್ದ: "ಆ ಬನ್ನಿಗಿಡದಾಗ ಏನ ಕುಂತೈತಿ ನೋಡ? ನನಗ ಕಾಗಿ ಕಂಡಂಗಾತು. ಖರೇನ ಕಾಗೀನ?" ಕಾಗೆಯೇ ಇರುತ್ತಿತ್ತು. ಹೌದಪ್ಪಾ ಎಂದರೆ, ನೀ ನನ್ನ ಸಮಾಧಾನಕ್ಕೆ ಹೇಳುತ್ತೀ ಎನ್ನುವಂತೆ ನೋಡುತ್ತಿದ್ದ. ಸೋಲಾಪುರಕ್ಕೆ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಓದು ಬಾರದವರಿಗೆಂದು ಗೋಡೆಯ ಮೇಲೆ ಬೇರೆ ಪಟವಿತ್ತು. ಕೊನೆಯ ಸಾಲಿನವರೆಗೂ ಸರಿಯಾಗಿ ಹೇಳಿದ. "ಬಾಬಾ, ನಿಮ್ಮ ಕಣ್ಣು ನನಗಿಂತ ಚಲೋ ಅವೆ" ಎಂದು ಡಾಕ್ಟರ್ ನಕ್ಕರು. ಅಪ್ಪ ನಗಲಿಲ್ಲ. ನವಿ ಪೇಠೆಯ ಅಂಗಡಿಯಲ್ಲಿ ಅವ್ವನಿಗೆ ಸೀರೆ ಕೊಳ್ಳುವಾಗ ಅಂದ: "ಪಟಾ ನೋಡೂ ಕಣ್ಣ ಬ್ಯಾರೆ, ಮಾಳಾ ದಿನ್ನಿ ನೋಡೂ ಕಣ್ಣ ಬ್ಯಾರೆ. ಆ ಡಾಕ್ಟರ ತಮ್ಮಗ ಏನ ಗೊತ್ತ?" ನಾನು ಸೀರೆಯ ಅಂಚು ನೋಡುತ್ತ ನಿಂತೆ. ಅಲ್ಲಿ ಹೇಳಬಹುದಿತ್ತು. ಅಂಥ ಅಲ್ಲಿಗಳು ಬಹಳ ಬಂದವು.

ನನಗೆ ಸೋಲಾಪುರದಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತು. ಮಕ್ಕಳು ಸುಳ್ಳು ಹೇಳಿದರೆ ನಿಲ್ಲಿಸಿ ಬುದ್ಧಿ ಹೇಳುತ್ತೇನೆ.

ಹೋದ ಬೇಸಿಗೆಯಲ್ಲಿ ಕೆರೆಯ ಹತ್ತಿರ ಎರಡು ಹಿಂಡು ಬೆರೆತವು. ನಾನು ರಜೆಗೆ ಬಂದಿದ್ದೆ. ಜನ ಎಂದಿನಂತೆ ಅಪ್ಪನನ್ನು ಕರೆಯಲು ಬಂದರು. ಅಪ್ಪ ಹೋದ, ದಂಡೆಯ ಮೇಲೆ ನಿಂತ, ಬಡಿಗೆ ಎತ್ತಿದ, ಇಳಿಸಿದ. "ನೀವs ನೋಡ್ಕೋರಪಾ. ನನ್ನ ಕಣ್ಣಿನ ಮ್ಯಾಲ ನನಗ ಭರೋಸಾ ಇಲ್ಲ" ಎಂದ. ಹಿಂದಿನಿಂದ ಯಾರೋ ಅಂದರು: "ಕರಿ ಕಂಬಳೀನ ಕಾಣಲಿಲ್ಲಂತ, ಇನ್ನ ಕುರಿ ಕಾಣ್ತಾವೇನು?" ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅವನ ಆ ನಗು ನೋಡಿದ ಮೇಲೂ ನಾನು ತಿಂಗಳುಗಟ್ಟಲೆ ಸುಮ್ಮನಿದ್ದೆ ಎಂಬುದನ್ನು ಇಲ್ಲಿ ಬರೆದಿಡಬೇಕು.

ಈ ದೀಪಾವಳಿಗೆ ಹೋದಾಗ ಅವ್ವ ಸುದ್ದಿ ಹೇಳಿದಳು. ಅಪ್ಪ ಹಿಂಡನ್ನು ಮರವಡೆ ಊರಿನ ನನ್ನ ಸೋದರಮಾವನಿಗೆ ಕೊಟ್ಟುಬಿಡುತ್ತಾನಂತೆ. ಮಾವ ಅಮಾಸೆ ದಾಟಿದ ಮೇಲೆ ಬಂದು ಹೊಡೆದುಕೊಂಡು ಹೋಗುವವನು. "ಕಾಣದಾಂವ ಕುರಿ ಕಾಯಬಾರದಂತ. ಮರಿ ತೋಳದ ಬಾಯಾಗ ಹ್ವಾದ್ರ ಆ ಪಾಪ ಯಾರ ಹೊರೂದಂತಾನ" ಎಂದು ಅವ್ವ ಸೆರಗಿನಿಂದ ಮೂಗೊರೆಸಿಕೊಂಡಳು. ಅಪ್ಪ ದೊಡ್ಡಿಯಲ್ಲಿ ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಕಿವಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಕಣ್ಣು ತೆರೆದೇ ಇದ್ದವು. ನೋಡುವುದನ್ನು ಬಿಟ್ಟಿದ್ದ.

ನಾನು ಮೊದಲು ಹೋದದ್ದು ಕಾಕುವಿನ ಹತ್ತಿರ. ಅದೂ ಹೇಡಿತನವೇ, ಅವರು ಅತ್ತು ಅಪ್ಪಿಕೊಂಡರೆ ಅರ್ಧ ಭಾರ ಇಳಿಯುತ್ತದೆ ಎಂಬ ಆಸೆ. ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಎಲ್ಲ ಹೇಳಿದೆ — ಕಂಬಳಿ ತೆಗೆದದ್ದು, ಹಾಕಿದ್ದು, ಅಪ್ಪನಿಗೆ ಅಂದದ್ದು. ಅವರ ಕೈ ನಿಲ್ಲಲಿಲ್ಲ.

"ಯಾಕ?" ಎಂದರು.

"ಆ ಆರತಿ ನನ್ನದಿತ್ರಿ ಕಾಕು."

"ಹುಚ್ಚೀ" ಎಂದರು. ಇನ್ನೊಂದು ಹಿಡಿ ಶೇಂಗಾ ಮುಂದೆ ಎಳೆದುಕೊಂಡರು. "ನಿಂದs ಇತ್ತು. ನಮ್ಮ ಓಣ್ಯಾಗ ಹಿಂಗೊಂದ ಹುಡುಗಿ ಅದಾಳಂತ ನಾಕ ಮಂದಿಗೆ ತೋರಸ್ಬೇಕಂತ ನಾ ಕುಣದೆ." ತಟ್ಟೆ ಬದಿಗೆ ಸರಿಸಿದರು. "ನನ್ನ ಪಿಚ್ಚರ್ ಹೋತು, ಹೋಗ್ಲಿ, ಅದರ ಲೆಕ್ಕ ಬಿಡು. ನನ್ನ ಮುಂದ ಅತ್ತರ ಏನ ಬಂತು? ಹೋಗಿ ಅವನ ಕಣ್ಣ ಅವನಿಗೆ ಕೊಡು. ನಾ ಸುದ್ದಾ ಅವತ್ತ ನಾಕ ಮಂದ್ಯಾಗ ಅವನಿಗೆ ಕಾಣಲಿಲ್ಲೇನ ಅಂದಿನಿ, ದೇವರs..." ಆಗ ಅವರ ದನಿ ಒಡೆಯಿತು. ನನಗೆ ಅಳಲು ಹಕ್ಕಿರಲಿಲ್ಲ. ಎದ್ದು ಬಂದೆ.

ಅಪ್ಪ ಇನ್ನೂ ದೊಡ್ಡಿಯಲ್ಲೇ ಇದ್ದ. ನಿಂತುಕೊಂಡೇ ಹೇಳಿದೆ, ಕುಳಿತರೆ ಬಾಯಿ ಕಟ್ಟುತ್ತದೆಂದು. ಮರಿ ತೊಡೆಯಿಂದ ಇಳಿದು ಹೋದದ್ದೂ ಅವನಿಗೆ ತಿಳಿಯಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದ.

"ಅಂದ್ರ ನಾ ನೋಡಿದ್ದ ಖರೇ ಇತ್ತು?"

"ಖರೇ ಇತ್ತಪ್ಪಾ."

"ನಾಕ ವರ್ಷ ನಾ ಈ ಕಣ್ಣಿಗೆ ಬೈದಿನಿ" ಎಂದ. ನನಗೆ ಬೈಯಲಿಲ್ಲ. ಬೈದಿದ್ದರೆ ಅದನ್ನು ಹಿಡಿದುಕೊಂಡು ನಾನೂ ಏನಾದರೂ ಅನ್ನುತ್ತಿದ್ದೆನೇನೋ — ಚಿಕ್ಕವಳಿದ್ದೆ, ತಿಳಿಯಲಿಲ್ಲ ಎಂದು. ಚಿಕ್ಕವಳಿರಲಿಲ್ಲ. ಎಲ್ಲ ತಿಳಿಯುತ್ತಿತ್ತು. ಅಪ್ಪ ಎದ್ದು, ಪಟಗ ಸುತ್ತಿಕೊಂಡು, ಹೊರಗೆ ಹೋಗಿ ಓಣಿಯ ತುದಿಯಲ್ಲಿ ನಿಂತ. ದೂರದಲ್ಲಿ ಏನು ನೋಡುತ್ತಿದ್ದನೋ, ಕೇಳುವ ಧೈರ್ಯವಾಗಲಿಲ್ಲ. ಮರುದಿನ ನಾನು ಬಸ್ಸು ಹತ್ತುವಾಗ, "ಹೊಂಟ್ಯಾ?" ಎಂದ. ರೇಣವ್ವಾ ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ. ನಾನು ಕೇಳುವುದೂ ಇಲ್ಲ.

ಮಾವನಿಗೆ ಬರಬೇಡ ಎಂದು ಅಪ್ಪನೇ ಫೋನ್ ಮಾಡಿಸಿದ್ದಾನೆ. ಕಾರಣ ಹೇಳಿಲ್ಲ. ನನ್ನ ಹೆಸರನ್ನು ಅವ್ವನ ಮುಂದೆಯೂ ತೆಗೆದಿಲ್ಲವಂತೆ. ಊರು ಇನ್ನೂ ಅವನನ್ನು ಕಂಬಳಿ ಕಾಣದ ಬೀರಪ್ಪ ಎಂದೇ ಕರೆಯುತ್ತದೆ. ಅವನು ಸುಮ್ಮನೆ ಕೇಳಿಸಿಕೊಳ್ಳುತ್ತಾನೆ. ಅದಕ್ಕೇ ಇದನ್ನು ಬರೆದೆ. ನಾಲ್ಕು ಜನರ ಎದುರಿಗೆ ಹೋದ ಮಾನ ದೊಡ್ಡಿಯೊಳಗೆ ತಗ್ಗಿದ ದನಿಯಲ್ಲಿ ಹೇಳಿದರೆ ತಿರುಗಿ ಬರುವುದಿಲ್ಲ. ಬರುವ ಐತವಾರ ಊರಿಗೆ ಹೋಗಿ, ಕಾಕುವಿನ ಕಟ್ಟೆಯ ಮೇಲೆ ನಿಂತು, ಕೆರೆಯ ದಂಡೆಯಲ್ಲಿ ನಕ್ಕವರನ್ನೆಲ್ಲ ಕರೆಸಿ, ಇದನ್ನು ಮೊದಲ ಸಾಲಿನಿಂದ ಓದುತ್ತೇನೆ. ಕರೆಸುವ ಜವಾಬ್ದಾರಿ ಕಾಕುವಿನದು. ನಡುವೆ ನಾನು ನಿಂತರೆ ಮುಂದಕ್ಕೆ ತಾವೇ ಓದುತ್ತಾರಂತೆ, ಕನ್ನಡಕ ಒರೆಸಿಟ್ಟುಕೊಂಡಿದ್ದಾರೆ.

ಅಪ್ಪನಿಗೂ ಹೇಳಿ ಕಳಿಸಿದ್ದೆ, ಬಂದು ಕುಳಿತುಕೋ ಎಂದು. ಅವನು ಬರುವುದಿಲ್ಲವಂತೆ. "ನನಗೆಲ್ಲಿ ಪುರಸೊತ್ತೈತಿ? ಹಿಂಡ ಹೊಡಕೊಂಡ ದಿನ್ನಿ ದಾಟಿ ಹೋಗಬೇಕು" ಎಂದನಂತೆ.